ನಿಂಬೆಯ ಪದರ ಕೇಕು: ಒಂದು ಚಾರಿತ್ರಿಕ ಅವಲೋಕನ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಗೋಪುರ, ಗಂಟೆ, ಬಲಿಪೀಠ, ವಿಚಾರಣಾ ಗುರುಗಳ ಪರಂಪರೆ ಇವುಗಳಿಗೆ ಅಗ್ರಸ್ಥಾನ ಸಲ್ಲತಕ್ಕದ್ದೇ ಸರಿ. ಆದರೆ ಹಬ್ಬದ ದಿವಸ ದಿವ್ಯ ಬಲಿಪೂಜೆ ಮುಗಿದು ಜನರು ಅಂಗಳಕ್ಕಿಳಿದಾಗ ಮೇಜಿನ ಮೇಲೆ ಕಾಣಿಸಿಕೊಳ್ಳುವ ಕೇಕಿಗೂ ಒಂದು ಚರಿತ್ರೆಯುಂಟೆಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. ಅಡುಗೆಮನೆಯ ವಿಚಾರ ಚರಿತ್ರಕಾರನಿಗೆ ತಕ್ಕುದಲ್ಲವೆಂದು ಭಾವಿಸುವವರಿದ್ದಾರೆ. ಈ ಲೇಖಕನಿಗೆ ಆ ಅಭಿಪ್ರಾಯ ಒಪ್ಪಿಗೆಯಾಗಿಲ್ಲ. ಎರಡು ಮೂರು ಪದರಗಳ ನಡುವೆ ನಿಂಬೆಯ ಲೇಪವನ್ನಿಟ್ಟು ಮನೆಯಲ್ಲಿಯೇ ಬೇಯಿಸುವ ಕೇಕನ್ನು ಉದಾಹರಣೆಯಾಗಿ ತೆಗೆದುಕೊಂಡು, ಅದರೊಳಗೆ ಎಷ್ಟು ದೇಶಗಳೂ ಎಷ್ಟು ಜನರ ಶ್ರಮವೂ ಸೇರಿಕೊಂಡಿವೆಯೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಲಾಗಿದೆ.

ಮೊದಲು ಬೆಣ್ಣೆಯ ಮಾತು. ಮಧ್ಯಯುಗದ ಯೂರೋಪಿನಲ್ಲಿ ತಪಸ್ಸುಕಾಲದ ನಲವತ್ತು ದಿನ ಮಾಂಸವಷ್ಟೇ ಅಲ್ಲದೆ ಹಾಲು, ಬೆಣ್ಣೆ, ಮೊಟ್ಟೆಗಳೂ ನಿಷಿದ್ಧವಾಗಿದ್ದವು. ಆಲಿವ್ ಎಣ್ಣೆ ಧಾರಾಳವಾಗಿ ದೊರೆಯುತ್ತಿದ್ದ ಇಟಲಿಯವರಿಗೆ ಇದೊಂದು ಕಷ್ಟವೆನಿಸಲಿಲ್ಲ. ಉತ್ತರದ ಚಳಿನಾಡುಗಳವರಿಗೆ ಮಾತ್ರ ಬಹಳ ಕಷ್ಟವಾಯಿತು. ಜಗದ್ಗುರು ಎಂಟನೆಯ ಇನ್ನೊಸೆಂಟರು 1491ರಲ್ಲಿ ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದವರಿಗೆ ಬೆಣ್ಣೆಯ ಬಳಕೆಗೆ ಅನುಮತಿಯಿತ್ತ ಪತ್ರ ‘ಬೆಣ್ಣೆ ಪತ್ರ’ವೆಂದೇ ಪ್ರಸಿದ್ಧವಾಗಿದೆ. ಡ್ರೆಸ್ಡನ್ ನಗರದ ಕ್ರಿಸ್ತಜಯಂತಿಯ ಸ್ಟಾಲನ್ ರೊಟ್ಟಿಯ ಕೀರ್ತಿಯನ್ನು ಅಲ್ಲಿಯವರು ಈ ಪತ್ರದೊಂದಿಗೇ ಜೋಡಿಸಿ ಹೇಳುತ್ತಾರೆ. ಫ್ರಾನ್ಸಿನ ರೂವೆನ್ ಪ್ರಧಾನಾಲಯದ ಗೋಪುರಗಳಲ್ಲೊಂದಕ್ಕೆ ‘ಬೆಣ್ಣೆ ಗೋಪುರ’ವೆಂಬ ಹೆಸರು ಇಂದಿಗೂ ಇದೆ, ತಪಸ್ಸುಕಾಲದಲ್ಲಿ ಬೆಣ್ಣೆ ತಿನ್ನುವ ಅನುಮತಿಗಾಗಿ ಭಕ್ತರು ತೆತ್ತ ಕಾಣಿಕೆ ಅದರ ನಿರ್ಮಾಣಕ್ಕೆ ಸಂದಿತೆಂಬುದು ಆ ಹೆಸರಿನ ಮೂಲ.

ಆ ಕಾಲದ ಕೇಕು ನಾವು ಇಂದು ಬಲ್ಲ ಕೇಕಾಗಿರಲಿಲ್ಲ. ಅದು ಹುದುಗು ಬೆರೆಸಿ ಉಬ್ಬಿಸಿದ, ಒಣದ್ರಾಕ್ಷಿ ಸೇರಿಸಿದ ಸಿಹಿ ರೊಟ್ಟಿ. ನಮ್ಮ ಕರಾವಳಿಯಲ್ಲಿ ಕಳ್ಳು ಹಾಕಿ ಹಿಟ್ಟನ್ನು ಹುಳಿಸಿ ಸನ್ನ ಮಾಡುವುದೂ ಇದೇ ತತ್ತ್ವದ ಮೇಲೆಯೇ. ಹುದುಗಿನ ಬದಲಿಗೆ ಮೊಟ್ಟೆಯನ್ನು ಕಡೆದು ಅದರಲ್ಲಿ ಗಾಳಿಯನ್ನು ಹಿಡಿದಿಡಬಹುದೆಂಬ ಅರಿವು ಬಂದುದೇ ದೊಡ್ಡ ತಿರುವು. 1615ರಲ್ಲಿ ಜರ್ವೇಸ್ ಮಾರ್ಕಮ್ ಎಂಬ ಇಂಗ್ಲಿಷ್ ಲೇಖಕ ಗೃಹಿಣಿಯರಿಗಾಗಿ ಪ್ರಕಟಿಸಿದ ಗ್ರಂಥದಲ್ಲಿ ಹಿಟ್ಟು, ಸಕ್ಕರೆ, ಮೊಟ್ಟೆಗಳ ಒಂದು ಪಾಕವಿದ್ದು, ಅದನ್ನು ಹೆಚ್ಚುಕಡಿಮೆ ಒಂದು ಗಂಟೆಯ ಕಾಲ ಕಡೆಯಬೇಕೆಂದು ಹೇಳಲಾಗಿದೆ. 1747ರಲ್ಲಿ ಹ್ಯಾನಾ ಗ್ಲಾಸ್ ಎಂಬಾಕೆ ಬರೆದ ಪುಸ್ತಕದಲ್ಲಿ ಬೆಣ್ಣೆ, ಹಿಟ್ಟು, ಸಕ್ಕರೆ ಒಂದೊಂದು ಪೌಂಡು ಸೇರುವ ಕೇಕಿಗೂ ಒಂದು ಗಂಟೆಯ ಕಡೆತ. ಅದೂ ಬರಿಗೈಯಿಂದ ಇಲ್ಲವೆ ದೊಡ್ಡ ಮರದ ಸೌಟಿನಿಂದ! ಒಂದು ಗಂಟೆಯ ಕಾಲ ಹಿಟ್ಟು ಕಡೆಯುವುದೆಂದರೇನೆಂಬುದನ್ನು ಅನುಭವಿಸಿದವರೇ ಬಲ್ಲರು. ಶ್ರೀಮಂತರ ಮನೆಗಳಲ್ಲಿ ಈ ಕೆಲಸಕ್ಕೆ ಕೈಯೊಡ್ಡುತ್ತಿದ್ದವರು ಮನೆಯೊಡತಿಯರಲ್ಲ, ಆಳುಗಳು. ಈ ಸಂಗತಿಯನ್ನು ಮುಂದೆ ಮತ್ತೆ ಪ್ರಸ್ತಾಪಿಸಬೇಕಾಗುತ್ತದೆ.

ಈ ತೋಳುನೋವಿಗೆ ಪರಿಹಾರ ಹುಡುಕಿದವರು ಹಲವರು. ‘ಅಮೆರಿಕದ ಅನಾಥೆ’ಯೆಂದು ತನ್ನನ್ನು ಕರೆದುಕೊಂಡ ಅಮೀಲಿಯಾ ಸಿಮನ್ಸ್ 1796ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ಅಚ್ಚುಹಾಕಿಸಿದ ಅಡುಗೆ ಪುಸ್ತಕದಲ್ಲಿ, ಕಟ್ಟಿಗೆಯ ಬೂದಿಯಿಂದ ಪಡೆದ ಕ್ಷಾರವನ್ನು ಹಿಟ್ಟಿಗೆ ಸೇರಿಸುವ ಕ್ರಮವಿದೆ. ಕ್ಷಾರಕ್ಕೆ ಹುಳಿ ತಗುಲಿದೊಡನೆ ಇಂಗಾಲಾಮ್ಲ ವಾಯು ಹೊರಟು ಹಿಟ್ಟು ಉಬ್ಬುತ್ತದೆ. ಆದರೆ ಕೊಬ್ಬಿನೊಡನೆ ಕೂಡಿದಾಗ ಆ ಕ್ಷಾರ ಸಾಬೂನಿನ ರುಚಿಯನ್ನು ತರುತ್ತಿತ್ತು. ಮುಂದೆ ಅಡುಗೆ ಸೋಡ ಬಂದಿತು. ಯೀಸ್ಟೂ ಮೊಟ್ಟೆಯೂ ಒಗ್ಗದಿದ್ದ ತನ್ನ ಪತ್ನಿಗಾಗಿ ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್‌ಫ್ರೆಡ್ ಬರ್ಡ್ 1843ರಲ್ಲಿ ಬೇಕಿಂಗ್ ಪೌಡರನ್ನು ಸಿದ್ಧಪಡಿಸಿದನು. 1856ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಎಬೆನ್ ಹಾರ್ಸ್‌ಫರ್ಡ್ ಫಾಸ್ಫೇಟಿನ ಹುಳಿಯನ್ನು ಬಳಸುವ ಇನ್ನೊಂದು ವಿಧಾನಕ್ಕೆ ಪೇಟೆಂಟು ಪಡೆದನು. 1870ರಲ್ಲಿ ಹಿಡಿ ತಿರುಗಿಸಿ ಮೊಟ್ಟೆ ಕಡೆಯುವ ಸುಧಾರಿತ ಯಂತ್ರಕ್ಕೂ ಅಮೆರಿಕದಲ್ಲಿ ಪೇಟೆಂಟು ದೊರೆಯಿತು. ಇದೇ ಕಾಲದಲ್ಲಿ ಎರಕದ ಕಬ್ಬಿಣದ ಒಲೆಗಳೂ ತೆಳುವಾದ ತಗಡಿನ ತಟ್ಟೆಗಳೂ ಸಾಮಾನ್ಯರ ಮನೆಗಳಿಗೆ ಬಂದವು. ತೆಳುವಾದ ಬಿಲ್ಲೆಗಳನ್ನು ಬೇಗಬೇಗನೆ ಬೇಯಿಸಿ ಒಂದರ ಮೇಲೊಂದು ಪೇರಿಸುವ ಪದರ ಕೇಕು ಸಾಧ್ಯವಾದುದು ಹೀಗೆ. ಇಂಗ್ಲೆಂಡಿನಲ್ಲಿ 1861ರ ಶ್ರೀಮತಿ ಬೀಟನ್ನರ ಗ್ರಂಥದಲ್ಲಿ ವಿಕ್ಟೋರಿಯಾ ರಾಣಿಯ ಹೆಸರಿನ ಕೇಕೊಂದಿದೆ: ನಾಲ್ಕು ಮೊಟ್ಟೆ, ಮೊಟ್ಟೆಗಳ ತೂಕದಷ್ಟೇ ಸಕ್ಕರೆ, ಬೆಣ್ಣೆ ಮತ್ತು ಹಿಟ್ಟು, ನಡುವೆ ಜ್ಯಾಮು.

ಇನ್ನು ನಿಂಬೆ. ಕಿತ್ತಳೆ, ನಿಂಬೆಗಳ ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲು, ಅಂದರೆ ಅಸ್ಸಾಮಿನ ಪೂರ್ವಭಾಗ, ಉತ್ತರ ಬರ್ಮಾ, ಚೀನದ ಯುನ್ನಾನ್ ಇವುಗಳ ಆಸುಪಾಸಿನ ಪ್ರದೇಶವೆಂದು 2018ರಲ್ಲಿ ಪ್ರಕಟವಾದ ವಂಶವಾಹಿಗಳ ಸಂಶೋಧನೆ ತೋರಿಸಿಕೊಟ್ಟಿದೆ. ಪಾಶ್ಚಾತ್ಯರ ದಪ್ಪ ಸಿಪ್ಪೆಯ ಹಳದಿ ನಿಂಬೆ ಹುಳಿ ಕಿತ್ತಳೆಗೂ ಮಾದಲಕ್ಕೂ ಹುಟ್ಟಿದ ಮಿಶ್ರ ಸಂತಾನ. ಅರಬರು ಅದನ್ನು ಸಿಸಿಲಿ, ಸ್ಪೇನುಗಳವರೆಗೆ ಹಬ್ಬಿಸಿದರು. ಕೊಲಂಬಸನು 1493ರ ತನ್ನ ಎರಡನೆಯ ಯಾನದಲ್ಲಿ ಅದರ ಬೀಜಗಳನ್ನು ಅಟ್ಲಾಂಟಿಕ್ ಸಾಗರದಾಚೆಗೆ ಒಯ್ದನು. ಸಕ್ಕರೆಯ ಕಥೆಯೂ ನಮ್ಮ ನೆಲದಿಂದಲೇ ಮೊದಲಾಗುತ್ತದೆ. ಕಬ್ಬಿನ ಹಾಲನ್ನು ಹರಳುಗಟ್ಟಿಸುವ ವಿದ್ಯೆಯನ್ನು ಕಂಡುಕೊಂಡವರು ಭಾರತೀಯರು. ನಮ್ಮ ‘ಸಕ್ಕರೆ’ಯೂ ಇಂಗ್ಲಿಷರ ‘ಶುಗರ್’ ಪದವೂ ಸಂಸ್ಕೃತದ ‘ಶರ್ಕರಾ’ದಿಂದಲೇ ಬಂದವು.

ಆದರೆ ಆ ಸಕ್ಕರೆ ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೇಲೆ ನಡೆದುದನ್ನು ನೆನೆದರೆ ಕೇಕಿನ ಸವಿ ಕಹಿಯಾಗುತ್ತದೆ. ಜಮೈಕ, ಬಾರ್ಬಡೋಸ್ ಮೊದಲಾದ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಆಫ್ರಿಕದಿಂದ ಹಿಡಿದು ತಂದ ಲಕ್ಷಾಂತರ ಗುಲಾಮರನ್ನು ದುಡಿಸಲಾಯಿತು. ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಮಸೂದೆ 1791ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಬಿದ್ದುಹೋದಾಗ, ವಿಲಿಯಂ ಫಾಕ್ಸ್ ಎಂಬವನು ಆ ದ್ವೀಪಗಳ ಸಕ್ಕರೆಯನ್ನು ವರ್ಜಿಸಬೇಕೆಂದು ಕಿರುಹೊತ್ತಗೆಯೊಂದನ್ನು ಬರೆದನು. ಅದನ್ನೋದಿ ಸಹಸ್ರಾರು ಇಂಗ್ಲಿಷ್ ಕುಟುಂಬಗಳು ಸಕ್ಕರೆಯನ್ನು ತ್ಯಜಿಸಿದವು. ಈ ಚಳವಳಿಯಲ್ಲಿ ಮುಂದಾದವರು ಸ್ತ್ರೀಯರು; ಮತದಾನದ ಹಕ್ಕಿಲ್ಲದಿದ್ದರೂ ಅಡುಗೆಮನೆಗೆ ಯಾವ ಸಾಮಾನು ಬರಬೇಕೆಂಬುದನ್ನು ತೀರ್ಮಾನಿಸುವ ಹಕ್ಕು ಅವರಿಗಿತ್ತಷ್ಟೆ. ಗುಲಾಮರ ಶ್ರಮವಿಲ್ಲದೆ ತಯಾರಾದ ಭಾರತದ ಸಕ್ಕರೆ ಇದರಲ್ಲಿದೆಯೆಂದು ಸಾರುವ ಬರಹವುಳ್ಳ ಸಕ್ಕರೆ ಬಟ್ಟಲುಗಳು 19ನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲೆಂಡಿನ ಮೇಜುಗಳ ಮೇಲೆ ಕಾಣಿಸಿಕೊಂಡವು. ಗುಲಾಮರ ವ್ಯಾಪಾರ 1807ರಲ್ಲಿ ನಿಷಿದ್ಧವಾಯಿತು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಶಾಸನ 1833ರಲ್ಲಿ ಬಂದಿತು.

ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಅದು ಇನ್ನೂ ಮೂರು ದಶಕ ಮುಂದುವರಿಯಿತು. ನಮ್ಮ ಪ್ರಸ್ತುತ ವಿಷಯವಾದ ನಿಂಬೆಯ ಪದರ ಕೇಕಿನ ಪ್ರಸಿದ್ಧ ಮಾದರಿಯೊಂದು ದೊರೆಯುವುದೂ ಅಲ್ಲಿಯೇ. ವರ್ಜೀನಿಯದ ಇನ್ನೂರೈವತ್ತು ಗೃಹಿಣಿಯರಿಂದ ಪಾಕಗಳನ್ನು ಸಂಗ್ರಹಿಸಿ 1879ರಲ್ಲಿ ಹೊರತಂದ ಗ್ರಂಥವೊಂದರಲ್ಲಿ ರಾಬರ್ಟ್ ಲೀಯ ಹೆಸರಿನ ಕೇಕಿದೆ. ಹನ್ನೆರಡು ಮೊಟ್ಟೆ, ಅವುಗಳ ತೂಕದಷ್ಟು ಸಕ್ಕರೆ, ಅದರರ್ಧ ಹಿಟ್ಟು. ತೆಳುವಾದ ಬಿಲ್ಲೆಗಳಾಗಿ ಬೇಯಿಸಿ, ಐದು ಕಿತ್ತಳೆ ಮತ್ತು ಮೂರು ನಿಂಬೆಹಣ್ಣುಗಳ ರಸದಲ್ಲಿ ಎರಡು ಪೌಂಡು ಸಕ್ಕರೆಯನ್ನು ಕಲಸಿ ಪದರಗಳ ನಡುವೆ ಹಚ್ಚುವುದು. ಲೀ ಎಂಬವನು ಅಂತರ್ಯುದ್ಧದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂದಿದ್ದ ಸಂಸ್ಥಾನಗಳ ದಂಡನಾಯಕ. 1865ರ ಏಪ್ರಿಲ್ 9ರಂದು ಶರಣಾದವನು. ಕೇಕಿಗೆ ಹೆಸರು ದಂಡನಾಯಕನದು. ಪಾಕ ಕಳುಹಿಸಿದ ಕೀರ್ತಿ ಒಡತಿಯರದು. ಆ ಮನೆಗಳ ಒಲೆಯ ಮುಂದೆ ತಲೆಮಾರುಗಳಿಂದ ನಿಂತು, ಗಂಟೆಗಟ್ಟಲೆ ಮೊಟ್ಟೆ ಕಡೆದ ಕರಿಯ ಸ್ತ್ರೀಯರ ಹೆಸರು ಅಂಥ ಪುಸ್ತಕಗಳಲ್ಲಿ ಹುಡುಕಿದರೂ ಸಿಗುವುದು ಅಪರೂಪ.

ಹಾಗೆಂದು ಅವರೆಲ್ಲರೂ ಮೌನವಾಗಿದ್ದರೆಂದು ತಿಳಿಯಬಾರದು. ಮಲಿಂಡಾ ರಸೆಲ್ ಎಂಬ ಸ್ವತಂತ್ರ ಕರಿಯ ಮಹಿಳೆ ಟೆನೆಸ್ಸಿಯಲ್ಲಿ ಪೇಸ್ಟ್ರಿ ಅಂಗಡಿ ನಡೆಸಿ ಕೂಡಿಟ್ಟ ಹಣವನ್ನು ದರೋಡೆಕೋರರಿಗೆ ಕಳೆದುಕೊಂಡು, ಅಂಗವಿಕಲನಾದ ಮಗನೊಂದಿಗೆ ಉತ್ತರದ ಮಿಷಿಗನ್ನಿಗೆ ಬಂದವಳು. 1866ರಲ್ಲಿ ಪಾ ಪಾ ಎಂಬ ಊರಿನಲ್ಲಿ ಆಕೆ ತನ್ನ ಪಾಕಗಳನ್ನು ಚಿಕ್ಕ ಪುಸ್ತಕವಾಗಿ ಪ್ರಕಟಿಸಿದಳು. ಅದರಲ್ಲಿ ಹೆಚ್ಚಿನವು ಕೇಕು ಮೊದಲಾದ ಸಿಹಿ ತಿಂಡಿಗಳೇ. ಪುಸ್ತಕ ಮಾರಿ ಬಂದ ಹಣದಿಂದ ತನ್ನೂರಿಗೆ ಮರಳಬೇಕೆಂಬುದು ಆಕೆಯ ಆಸೆಯಾಗಿತ್ತು. ಗುಲಾಮಳಾಗಿ ಹುಟ್ಟಿದ ಆ್ಯಬಿ ಫಿಶರ್ ಎಂಬವಳಿಗೆ ಓದುಬರಹವೇ ತಿಳಿಯದು. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಆಕೆ ಬಾಯಿಯಿಂದ ಹೇಳಿ ಬರೆಯಿಸಿದ ಪಾಕಗಳು 1881ರಲ್ಲಿ ಗ್ರಂಥವಾದವು. ಲೀಯ ಹೆಸರಿನ ಕೇಕಿಗಿಂತ ಇವರ ಹೆಸರಿನ ಕೇಕೊಂದಿದ್ದರೆ ನ್ಯಾಯವಾಗುತ್ತಿತ್ತೆಂದು ಈ ಲೇಖಕನ ಅನಿಸಿಕೆ.

ನಮ್ಮ ಧರ್ಮಕೇಂದ್ರಗಳವರಿಗೆ ಪ್ರಿಯವಾಗಬಹುದಾದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬಹುದು. ಅದೇ ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರ ನೆರವಿಗಾಗಿ 1864ರಲ್ಲಿ ಫಿಲಡೆಲ್ಫಿಯದ ಜಾತ್ರೆಯಲ್ಲಿ ಮರಾಯಾ ಮಾಸ್ ಎಂಬಾಕೆಯ ಅಡುಗೆ ಪುಸ್ತಕವನ್ನು ಮಾರಲಾಯಿತು. ಅಲ್ಲಿಂದ ಮುಂದೆ ದೇವಾಲಯಗಳ ಮಹಿಳಾ ಸಂಘದವರು ಪಾಕಪುಸ್ತಕ ಅಚ್ಚುಹಾಕಿಸಿ, ಕೇಕು ಮಾರಿ, ಛಾವಣಿಗೂ ಶಾಲೆಗೂ ಹಣ ಕೂಡಿಸುವ ಪದ್ಧತಿ ಬೆಳೆಯಿತು.

ಭಾರತಕ್ಕೆ ಪದರದ ಸಿಹಿಯನ್ನು ಪರಿಚಯಿಸಿದುದು ಪೋರ್ತುಗೀಜರ ಸಂಪರ್ಕ. ಗೋವೆಯ ಬೆಬಿಂಕ ತೆಂಗಿನ ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ತುಪ್ಪಗಳಿಂದಾದ ಪದರದ ಭಕ್ಷ್ಯ. ಮುಚ್ಚಳದ ಮೇಲೆ ಕೆಂಡವನ್ನಿಟ್ಟು ಒಂದು ಪದರ ಬೆಂದ ಬಳಿಕವೇ ಇನ್ನೊಂದನ್ನು ಸುರಿಯಬೇಕು. ಮಂಗಳೂರಿನ ಕಡೆಯ ನಮ್ಮ ಮನೆಗಳ ಕುಸ್ವಾರಿನ ತಟ್ಟೆಯಲ್ಲಿ ಕೇಕಿಗೆ ಸ್ಥಾನ ದೊರೆತ ಮೇಲೂ ಬೇಯಿಸುವ ಕ್ರಮ ಬಹುಕಾಲ ಇದೇ ಆಗಿತ್ತು: ಪಾತ್ರೆಯ ಕೆಳಗೆ ಕೆಂಡ, ಮೇಲೆ ಮುಚ್ಚಳದಲ್ಲಿ ತೆಂಗಿನ ಚಿಪ್ಪಿನ ಕೆಂಡ. ಬೆಂಗಳೂರಿನಂಥ ದಂಡಿನ ಊರುಗಳಲ್ಲಿ ಮನೆಯಲ್ಲಿ ಹಿಟ್ಟು ಕಲಸಿ, ತಟ್ಟೆಗೆ ಗುರುತು ಹಾಕಿ ಹತ್ತಿರದ ಬೇಕರಿಯ ಒಲೆಗೆ ಕಳುಹಿಸುತ್ತಿದ್ದುದುಂಟು. ಅನಂತರ ಅಲ್ಯೂಮಿನಿಯಮ್ಮಿನ ದುಂಡನೆಯ ವಿದ್ಯುತ್ ಒಲೆ ಬಂದಿತು. ಅದಿಲ್ಲದವರು ಪ್ರೆಶರ್ ಕುಕ್ಕರಿನ ತಳದಲ್ಲಿ ಮರಳು ಹರಡಿ ಕೆಲಸ ಸಾಗಿಸಿದರು.

ಇಂದು ಮಾಡಬಯಸುವವರಿಗೆ ಶ್ರೀಮತಿ ಬೀಟನ್ನರ ಅಳತೆಯೇ ಸಾಕು. ನಾಲ್ಕು ಮೊಟ್ಟೆಗಳನ್ನು ತಕ್ಕಡಿಯಲ್ಲಿಟ್ಟು ಅಷ್ಟಷ್ಟೇ ಬೆಣ್ಣೆ, ಸಕ್ಕರೆ, ಮೈದಾ ತೂಗಿಕೊಳ್ಳುವುದು. ಆಕೆ ಹೇಳದ ಬೇಕಿಂಗ್ ಪೌಡರನ್ನು ಒಂದೂವರೆ ಚಹಾ ಚಮಚದಷ್ಟು ಸೇರಿಸಿದರೆ ತೋಳಿಗೆ ಸುಖ. ಎರಡು ತಟ್ಟೆಗಳಿಗೆ ಹಂಚಿ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಬೇಕು. ನಿಂಬೆಯ ಪರಿಮಳವಿರುವುದು ರಸದಲ್ಲಲ್ಲ, ಸಿಪ್ಪೆಯ ಹೊರಮೈಯ ಎಣ್ಣೆಯಲ್ಲಿ. ನಮ್ಮ ನಾಡಿನ ನಿಂಬೆಯ ಸಿಪ್ಪೆ ತೆಳ್ಳಗಾದುದರಿಂದ ತುರಿಯುವಾಗ ಒಳಗಿನ ಬಿಳಿಭಾಗ ತಾಗದಂತೆ ನೋಡಿಕೊಳ್ಳಬೇಕು, ತಾಗಿದರೆ ಕಹಿ. ಲೇಪಕ್ಕಾಗಿ ರಸ, ತುರಿ, ಸಕ್ಕರೆ, ಮೊಟ್ಟೆ, ಬೆಣ್ಣೆಗಳನ್ನು ಕುದಿನೀರಿನ ಮೇಲಿಟ್ಟ ಪಾತ್ರೆಯಲ್ಲಿ ಕೈಬಿಡದೆ ತಿರುವುತ್ತಿದ್ದರೆ 80 ಡಿಗ್ರಿಯ ಸುಮಾರಿಗೆ ಅದು ಸೌಟಿಗೆ ಹತ್ತುವಷ್ಟು ಮಂದವಾಗುತ್ತದೆ. ಕುದಿ ಬಂದರೆ ಮೊಟ್ಟೆ ಒಡೆದು ಗಂಟಾಗುತ್ತದೆ. ಪಾತ್ರೆ ಸ್ಟೀಲು ಇಲ್ಲವೆ ಗಾಜಿನದಾಗಿರಲಿ. ನಮ್ಮ ಮನೆಯಲ್ಲಿ ಒಮ್ಮೆ ಅಲ್ಯೂಮಿನಿಯಮ್ಮಿನ ಬೋಗುಣಿಯಲ್ಲಿ ಇದನ್ನು ಕಾಯಿಸಿದಾಗ ಲೋಹದ ರುಚಿ ಹತ್ತಿ, ಆರು ಮೊಟ್ಟೆಯ ಲೇಪವನ್ನು ಚೆಲ್ಲಬೇಕಾಯಿತು.

ಎರಡೂ ಪದರ ಪೂರ್ತಿ ಆರಿದ ಮೇಲೆಯೇ ಲೇಪವನ್ನು ಹಚ್ಚಬೇಕು, ಬಿಸಿಯಿದ್ದರೆ ಅದು ಕರಗಿ ಹರಿದುಹೋಗುತ್ತದೆ. ಹಬ್ಬದ ಹಿಂದಿನ ಸಂಜೆಯೇ ಪೇರಿಸಿ ತಂಪಾದ ಜಾಗದಲ್ಲಿ ಮುಚ್ಚಿಟ್ಟರೆ ರಾತ್ರಿಯಲ್ಲಿ ಹುಳಿ ಪದರದೊಳಕ್ಕೆ ಇಳಿಯುತ್ತದೆ. ಮರುದಿನ ಪೂಜೆ ಮುಗಿಸಿ ಬಂದು ಕತ್ತರಿಸುವ ಹೊತ್ತಿಗೆ ಅದು ಸರಿಯಾದ ಹದದಲ್ಲಿರುತ್ತದೆ.