‘ಕರೆ ನೀಡಿದರು’ ಅಲ್ಲ, ಕರೆದರು

‘ಯೇಸು ಬೆಸ್ತರಿಗೆ ಕರೆ ನೀಡಿದರು’ ಎಂಬ ಮಾತು ಈಗೀಗ ಪ್ರವಚನಗಳಲ್ಲೂ ಬರಹಗಳಲ್ಲೂ ಕಿವಿಗೆ, ಕಣ್ಣಿಗೆ ಬೀಳುತ್ತಿದೆ. ಪತ್ರಿಕೆಯ ತಲೆಬರಹಗಳು ಕಲಿಸಿದ ಚಾಳಿ ಇದು. ಬಂದ್‌ಗೆ ಕರೆ, ಹೋರಾಟಕ್ಕೆ ಕರೆ, ಗಿಡ ನೆಡಲು ಯುವಜನರಿಗೆ ಕರೆ ಎಂದು ದಿನಬೆಳಗಾದರೆ ಓದಿ ಓದಿ, ಕರೆಯುವುದಕ್ಕೂ ಕರೆ ನೀಡುವುದಕ್ಕೂ ಇರುವ ಅಂತರವೇ ನಮಗೆ ಮರೆತುಹೋಗಿದೆ. ಕರೆದರು ಎಂದ ಕೂಡಲೇ ‘ಯಾರನ್ನು?’ ಎಂದು ಕೇಳುತ್ತೇವೆ. ಕರೆ ನೀಡಿದರು ಎಂದರೆ ‘ಯಾತಕ್ಕೆ?’ ಎಂದು ಕೇಳುತ್ತೇವೆ. ಮೊದಲನೆಯದಕ್ಕೆ ಎದುರಿಗೊಬ್ಬ ಮನುಷ್ಯ ಇರಲೇಬೇಕು. ಎರಡನೆಯದಕ್ಕೆ ಒಂದು ಕಾರ್ಯಕ್ರಮ ಇದ್ದರೆ ಸಾಕು. ಗಲಿಲಾಯದ ದಡದಲ್ಲಿ ನಡೆದದ್ದು ಮೊದಲನೆಯದು. ಅದನ್ನು ಎರಡನೆಯದರ ಮಾತಿನಲ್ಲಿ ಹೇಳಿದರೆ ಕಥೆಯೇ ಬೇರೆಯಾಗುತ್ತದೆ.

ಕರೆ ಎಂದರೆ ಮೂಲದಲ್ಲಿ ಕೂಗು, ದನಿ ಅಷ್ಟೇ ಅಲ್ಲವೇ, ಅದಕ್ಕೆ ಇಷ್ಟೆಲ್ಲ ಅರ್ಥ ಹಚ್ಚಬೇಕೇ ಎಂದು ನಿಘಂಟು ಬಲ್ಲವರು ಕೇಳಬಹುದು. ನನ್ನ ವಾದ ಬೇರೆ: ಈ ಪದದ ಜೀವ ದನಿಯಲ್ಲಿಲ್ಲ, ಜೊತೆಯಲ್ಲಿದೆ. ಸಾಮಾನನ್ನು ತೆಗೆದುಕೊಂಡು ಹೋಗುತ್ತೇವೆ, ದನವನ್ನು ಹೊಡೆದುಕೊಂಡು ಹೋಗುತ್ತೇವೆ, ಮನುಷ್ಯರನ್ನು ಮಾತ್ರ ಕರೆದುಕೊಂಡು ಹೋಗುತ್ತೇವೆ. ಒಂದು ಮಾತೂ ಆಡದೆ ಮಗುವಿನ ಕೈಹಿಡಿದು ನಡೆಸಿದರೂ ‘ಕರೆದುಕೊಂಡು ಹೋದಳು’ ಎನ್ನುತ್ತೇವೆ. ಅಲ್ಲಿ ದನಿ ಎಲ್ಲಿದೆ? ಒಲ್ಲದವನನ್ನು ಒಯ್ದರೆ ಆ ಮಾತು ಒಗ್ಗುವುದಿಲ್ಲ. ಎಳೆದುಕೊಂಡು ಹೋದರು ಎನ್ನಬೇಕಾಗುತ್ತದೆ. ಅಂದರೆ ಕರೆಯುವವನೂ ಜೊತೆಗೆ ನಡೆಯಬೇಕು, ಬರುವವನು ಒಪ್ಪಿ ಬರಬೇಕು. ಕನ್ನಡ ಈ ಎರಡು ಷರತ್ತುಗಳನ್ನು ಯಾರೂ ಹೇಳಿಕೊಡದೆಯೇ ಪಾಲಿಸಿಕೊಂಡು ಬಂದಿದೆ.

ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯವನ್ನು ಈ ಬೆಳಕಿನಲ್ಲಿ ನೋಡಿ. ಸೀಮೋನ, ಅಂದ್ರೆಯ ನೀರಿಗೆ ಬಲೆ ಬೀಸುತ್ತಿದ್ದಾರೆ. ತುಸು ಮುಂದೆ ಯಾಕೋಬ, ಯೋಹಾನ ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದಾರೆ. ತಂದೆ ಜೆಬೆದಾಯ, ಕೂಲಿಯಾಳುಗಳು ಪಕ್ಕದಲ್ಲೇ ಇದ್ದಾರೆ. 1986ರಲ್ಲಿ ಬರದಿಂದ ಗಲಿಲಾಯ ಸರೋವರದ ನೀರು ಇಳಿದಾಗ ಕೆಸರಿನಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ ದೋಣಿಯೊಂದು ಸಿಕ್ಕಿತು. ಉದ್ದ 8 ಮೀಟರಿಗಿಂತ ತುಸು ಹೆಚ್ಚು, ಅಗಲ 2 ಮೀಟರು ಚಿಲ್ಲರೆ; ಬಗೆಬಗೆಯ ಮರದ ತುಂಡುಗಳನ್ನು ಜೋಡಿಸಿ ಮತ್ತೆ ಮತ್ತೆ ರಿಪೇರಿ ಮಾಡಿದ ದೋಣಿ. ಅಷ್ಟು ಚಿಕ್ಕ ಜಾಗದಲ್ಲಿ ಕೂತವರನ್ನು ಮುಖ ನೋಡಿಯೇ ಕರೆಯಬೇಕು. ಯೇಸು ಕರೆದ ಮಾತಾದರೂ ಏನು? ತನ್ನ ಹಿಂದೆ ಬರಬೇಕೆಂಬುದು. ಹಿಂದೆ ಬರಬೇಕಾದರೆ ಕರೆದವರು ಮುಂದೆ ನಡೆಯುತ್ತಿರಬೇಕು. ಅದೇ ಮಾರ್ಕ ಮೂರನೆಯ ಅಧ್ಯಾಯದಲ್ಲಿ ಹನ್ನೆರಡು ಮಂದಿಯನ್ನು ಆರಿಸಿದ್ದಕ್ಕೆ ಕಾರಣ ಹೇಳುವಾಗ, ಸಾರುವುದಕ್ಕೆ ಕಳುಹಿಸುವ ವಿಷಯವನ್ನು ಆಮೇಲಿಟ್ಟು, ಅವರು ಯೇಸುವಿನ ಜೊತೆಯಲ್ಲಿರಬೇಕು ಎಂಬುದನ್ನು ಮೊದಲಿಡುತ್ತಾನೆ. ಕೆಲಸಕ್ಕಿಂತ ಮುಂಚೆ ಜೊತೆ.

ಒಪ್ಪಿಗೆಯ ಷರತ್ತಿಗೆ ನಮ್ಮ ಗಾದೆಯೊಂದು ಒಳ್ಳೆಯ ಸಾಕ್ಷಿ: ಕರೆದು ಹೆಣ್ಣು ಕೊಟ್ಟರೆ ಮಲರೋಗ ಅಂದನಂತೆ. ದೇವರ ವಿಷಯದಲ್ಲಿ ಇಂಥ ಗಾದೆಯೇ ಎಂದು ಮೂಗು ಮುರಿಯಬೇಕಿಲ್ಲ. ಮನುಷ್ಯಸ್ವಭಾವವನ್ನು ಅದು ಬಲ್ಲದು. ತಾನೇ ಅಲೆದು ಹುಡುಕಿದ ಹೆಣ್ಣಾಗಿದ್ದರೆ ಆತ ರೋಗದ ಸುದ್ದಿ ಎತ್ತುತ್ತಿರಲಿಲ್ಲ. ಕೇಳದೆ ಕೂಡಿಬಂದದ್ದಕ್ಕೆ ನೆಪ ಬೇಗ ಹುಟ್ಟುತ್ತದೆ. ಲೂಕನ ಹದಿನಾಲ್ಕನೆಯ ಅಧ್ಯಾಯದ ಔತಣದ ಸಾಮತಿಯಲ್ಲೂ ಇದೇ ನಡೆಯುತ್ತದೆ: ಊಟಕ್ಕೆ ಕರೆಸಿಕೊಂಡವರಲ್ಲಿ ಒಬ್ಬನಿಗೆ ಹೊಸದಾಗಿ ಕೊಂಡ ಹೊಲ ನೋಡಬೇಕಾಗಿದೆ, ಇನ್ನೊಬ್ಬನಿಗೆ ಐದು ಜೋಡಿ ಎತ್ತು ಪರೀಕ್ಷಿಸಬೇಕಾಗಿದೆ, ಮತ್ತೊಬ್ಬನಿಗೆ ಈಗ ತಾನೇ ಮದುವೆಯಾಗಿದೆ. ಆ ಕಾಲದ ಯೆಹೂದ್ಯರಲ್ಲಿ ಗುರುವನ್ನು ಹುಡುಕಿಕೊಂಡು ಹೋಗುವುದು ಸಾಮಾನ್ಯವಾಗಿ ಶಿಷ್ಯನ ಕೆಲಸವಾಗಿತ್ತು. ಗುರುವೇ ದಡಕ್ಕೆ, ಸುಂಕದ ಕಟ್ಟೆಗೆ ನಡೆದುಬಂದರೆ ನೆಪ ಹೇಳಲು ಬೇಕಾದಷ್ಟು ಜಾಗ ಸಿಗುತ್ತದೆ. ಆಸ್ತಿ ಬಿಡಲಾರದೆ ವ್ಯಸನದಿಂದ ಹೊರಟುಹೋದವನ ಕಥೆಯೂ ಸುವಾರ್ತೆಯಲ್ಲಿದೆ. ನೆಪ ಹೇಳುವ ಸ್ವಾತಂತ್ರ್ಯ ಇದ್ದುದರಿಂದಲೇ ಬಲೆ ಬಿಟ್ಟು ಎದ್ದವರ ಒಪ್ಪಿಗೆಗೆ ತೂಕ ಬಂತು. ಗುಂಪಿಗೆ ನೀಡಿದ ಕರೆಗೆ ಯಾರೂ ನೆಪ ಹೇಳುವುದಿಲ್ಲ, ಏಕೆಂದರೆ ಅದು ಯಾರೊಬ್ಬರನ್ನೂ ಕೇಳಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಯೋಹಾನನ ಸುವಾರ್ತೆಯಲ್ಲಿ ಅಂದ್ರೆಯ ಮತ್ತು ಅವನ ಸಂಗಡಿಗ ತಾವಾಗಿಯೇ ಯೇಸುವಿನ ಹಿಂದೆ ಹೋದರಲ್ಲ ಎಂಬುದು ಒಂದು. ನಿಜ, ಆದರೆ ಮುಂದೆ ಓದಿ. ಹೋದವರು ಆ ದಿನವೆಲ್ಲ ಯೇಸುವಿನೊಂದಿಗೇ ಉಳಿದರು. ಆಮೇಲೆ ಅಂದ್ರೆಯ ತನ್ನ ಸಹೋದರನಾದ ಸೀಮೋನನನ್ನು ಹುಡುಕಿ ಕರೆತಂದ. ಅಲ್ಲೂ ಜೊತೆಯೇ ಮುಖ್ಯ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಪಂಚಾಶತ್ತಮ ಹಬ್ಬದ ದಿನ ಪೇತ್ರ ಜೆರೂಸಲೇಮಿನ ಜನಸಂದಣಿಗೆ ಭಾಷಣ ಮಾಡಿದ, ಸುಮಾರು 3,000 ಜನ ದೀಕ್ಷಾಸ್ನಾನ ಪಡೆದರು, ಅದು ಕರೆ ನೀಡಿದ್ದಲ್ಲದೆ ಮತ್ತೇನು? ಆ ಭಾಷಣಕ್ಕೆ ‘ಸಾರಿದ’ ಎಂಬ ಒಳ್ಳೆಯ ಕ್ರಿಯಾಪದ ನಮ್ಮಲ್ಲಿದೆ. ಸಭೆ ಹುಟ್ಟಿದ್ದು ಆ ಭಾಷಣವೊಂದರಿಂದಲೇ ಅಲ್ಲ. ಕೇಳಿದವರು ಮನೆಮನೆಗಳಲ್ಲಿ ಕೂಡಿ ರೊಟ್ಟಿ ಮುರಿದು ಉಂಡರು, ಇದ್ದದ್ದನ್ನು ಹಂಚಿಕೊಂಡರು ಎಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಸಾರಿದ್ದನ್ನು ಕೇಳಿದ ಜನ ಒಬ್ಬರನ್ನೊಬ್ಬರು ಮನೆಗೆ ಕರೆದಾಗ ಸಭೆಯಾದರು. ಕ್ರೈಸ್ತ ಸಮುದಾಯಕ್ಕೆ ಕನ್ನಡ ಬೈಬಲ್ಲು ಸಭೆ ಎಂಬ ಮಾತನ್ನೇ ಇಟ್ಟುಕೊಂಡಿದೆ, ನಾವು ಸಭೆಯನ್ನೂ ‘ಕರೆಯುತ್ತೇವೆ’. ಕಟ್ಟಡ ಕಟ್ಟಿದರೆ ನಿಲ್ಲುತ್ತದೆ. ಸಭೆ ಕರೆದು ಕೂಡಿಸಿದರೇ ಸೇರುವುದು.

ಅದೇ ಕೃತ್ಯಗಳ ಹನ್ನೊಂದನೆಯ ಅಧ್ಯಾಯ ನನ್ನ ವಾದಕ್ಕೆ ಕೊನೆಯ ಸಾಕ್ಷಿ. ಹಿಂದೆ ಶಿಷ್ಯರನ್ನು ಹಿಂಸಿಸಿದ್ದ ಸೌಲನನ್ನು ಬಾರ್ನಬ ತಾರ್ಸಕ್ಕೆ ಹೋಗಿ ಹುಡುಕಿ ಅಂತಿಯೋಕ್ಯಕ್ಕೆ ಕರೆತಂದ. ಇಬ್ಬರೂ ಒಂದು ವರ್ಷ ಅಲ್ಲಿನ ಸಭೆಯ ಜೊತೆಗಿದ್ದು ಕಲಿಸಿದರು. ಆ ಊರಿನಲ್ಲೇ ಶಿಷ್ಯರನ್ನು ಮೊದಲ ಬಾರಿಗೆ ಕ್ರೈಸ್ತರೆಂದು ಕರೆದರು. ಹೆಸರಿಡುವುದಕ್ಕೂ ಕನ್ನಡದಲ್ಲಿ ಕರೆ ಎಂಬುದೇ ಕ್ರಿಯಾಪದ; ಜೊತೆಗೆ ಬಾಳಿದವರಿಗೆ ಒಂದು ಹೆಸರು ತಾನಾಗಿ ಅಂಟಿತು. ಹೀಗಿರುವಾಗ ನನ್ನ ಬಿನ್ನಹ ಇಷ್ಟೇ: ಗುಂಪಿಗೆ ಹೇಳುವುದಿದ್ದರೆ ಸಾರಿದರು ಎನ್ನಿ, ಮನವಿ ಮಾಡಿದರು ಎನ್ನಿ, ಒತ್ತಾಯಿಸಿದರು ಎನ್ನಿ. ಒಬ್ಬರ ಹೆಸರು ಹಿಡಿದು, ಅವರ ಜೊತೆ ನಡೆಯಲು ತಾವೂ ಸಿದ್ಧರಿದ್ದವರ ಬಗ್ಗೆ ಮಾತ್ರ ಕರೆದರು ಎನ್ನಿ.