ಲೂಪ್ ಪರೀಕ್ಷೆ: ಬೆಂಗಳೂರು ಗ್ರಾಮಾಂತರದ ದೂರವಾಣಿ ದುರಸ್ತಿ ಮತ್ತು ವೃತ್ತಿಜ್ಞಾನ

ವೃತ್ತಿ ಜಾನಪದವೆಂದರೆ ಕುಂಬಾರಿಕೆ, ಕಮ್ಮಾರಿಕೆ, ನೇಯ್ಗೆಗಳ ಅಧ್ಯಯನವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಯಂತ್ರಗಳ ನಡುವೆ ದುಡಿಯುವವರಲ್ಲಿಯೂ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗಿಬಂದ ಜ್ಞಾನವೊಂದಿದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ದೂರವಾಣಿ ನೌಕರರು ‘ಲೂಪ್ ಕೊಡುವುದು’ ಎಂದು ಕರೆಯುವ ಪರೀಕ್ಷೆ ಅಂಥ ಜ್ಞಾನಕ್ಕೊಂದು ನಿದರ್ಶನ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಿನ್ನೆಲೆಯಲ್ಲಿ ಅದರ ಇತಿಹಾಸ ಹಾಗೂ ಕ್ರಮವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಈ ಪ್ರದೇಶಕ್ಕೂ ದೂರವಾಣಿ ಉದ್ಯಮಕ್ಕೂ ಇರುವ ನಂಟು ಹಳೆಯದು. ಬೆಂಗಳೂರಿನಿಂದ ಹೊಸಕೋಟೆಗೆ ಹೋಗುವ ಹಳೆ ಮದರಾಸು ರಸ್ತೆಯಲ್ಲಿ 1948ರಲ್ಲಿ ಸ್ಥಾಪನೆಗೊಂಡ ಐ.ಟಿ.ಐ. ಕಾರ್ಖಾನೆಯಿಂದಲೇ ದೂರವಾಣಿನಗರಕ್ಕೆ ಆ ಹೆಸರು ಬಂದಿತು. ಅಲ್ಲಿ ತಯಾರಾದ ಸ್ಟ್ರೌಜರ್ ಯಂತ್ರಗಳು ದಶಕಗಳ ಕಾಲ ದೇಶದ ವಿನಿಮಯ ಕೇಂದ್ರಗಳಲ್ಲಿ ದುಡಿದವು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಹವಾನಿಯಂತ್ರಣದ ಅಗತ್ಯವಿಲ್ಲದ, ಹಳ್ಳಿಗೆ ಹೊಂದುವ 128 ಪೋರ್ಟುಗಳ ವಿನಿಮಯ ಕೇಂದ್ರವನ್ನು ರೂಪಿಸಿತು. ಅದರಲ್ಲಿ ಮೊದಲನೆಯದು 1986ರಲ್ಲಿ ಕಿತ್ತೂರಿನಲ್ಲಿ ಆರಂಭವಾಯಿತು. ಬೆಂಗಳೂರು ಗ್ರಾಮಾಂತರ ಪ್ರತ್ಯೇಕ ಜಿಲ್ಲೆಯಾದುದೂ ಅದೇ ವರ್ಷ ಎಂಬುದು ಗಮನಾರ್ಹ. ಇಂಥ ಕೇಂದ್ರಗಳು ಹಳ್ಳಿಗಳಿಗೆ ಬಂದಂತೆ ಅವುಗಳನ್ನು ಪಟ್ಟಣಕ್ಕೆ ಜೋಡಿಸುವ ಮಂಡಲಗಳೂ, ಅವುಗಳ ದೋಷಗಳೂ ಬಂದವು.

ಲೂಪ್ ಎಂಬ ಉಪಾಯ ಮಾತ್ರ ಇವೆಲ್ಲಕ್ಕಿಂತ ಹಿಂದಿನದು. 19ನೆಯ ಶತಮಾನದ ತಂತಿ ಇಲಾಖೆಗಳ ಕಾಲದ್ದು. ಮರ್ರೆ ಮತ್ತು ವಾರ್ಲಿ ಅವರ ಹೆಸರಿನ ಪರೀಕ್ಷೆಗಳಲ್ಲಿ ಕೆಟ್ಟ ತಂತಿಯನ್ನು ಆಚೆಯ ತುದಿಯಲ್ಲಿ ಒಳ್ಳೆಯ ತಂತಿಗೆ ಜೋಡಿಸಿ, ಈಚೆಯ ತುದಿಯಲ್ಲಿ ಕುಳಿತು ವಿದ್ಯುತ್ ರೋಧವನ್ನು ಅಳೆಯುತ್ತಿದ್ದರು. ಒಂದೇ ದಪ್ಪದ ಎರಡು ತಂತಿಗಳು ತಲಾ 10 ಕಿ.ಮೀ. ಇದ್ದರೆ ಲೂಪಿನ ಉದ್ದ 20 ಕಿ.ಮೀ. ಕೆಟ್ಟ ತಂತಿಯ ಕಡೆಯಿಂದ ಅಳೆದಾಗ ದೋಷವು ಅದರ ಹತ್ತರಲ್ಲಿ ಮೂರು ಭಾಗದಲ್ಲಿದೆಯೆಂದು ಕಂಡರೆ, 6ನೆಯ ಕಿ.ಮೀ.ಗೆ ನೇರವಾಗಿ ಆಳನ್ನು ಕಳುಹಿಸಬಹುದಿತ್ತು.

ಡಿಜಿಟಲ್ ಕಾಲದಲ್ಲಿಯೂ ತತ್ತ್ವ ಅದೇ. ಸೆಕೆಂಡಿಗೆ 2.048 ಮೆಗಾಬಿಟ್ ವೇಗದ ಒಂದು ಮಂಡಲ 30 ಮಾತುಕತೆಗಳನ್ನು ಏಕಕಾಲಕ್ಕೆ ಒಯ್ಯುತ್ತದೆ. ಅದು ನಿಂತರೆ ಒಂದು ಊರೇ ಹೊರಗಿನವರಿಗೆ ಮೂಕವಾಗುತ್ತದೆ. ದೊಡ್ಡಬಳ್ಳಾಪುರಕ್ಕೂ ಹತ್ತಿರದ ಹಳ್ಳಿಯೊಂದಕ್ಕೂ ನಡುವಿನ ಇಂಥ ಮಂಡಲ ಕೆಟ್ಟಿದೆ ಎಂದಿಟ್ಟುಕೊಳ್ಳೋಣ. ಪಟ್ಟಣದ ವಿನಿಮಯ ಕೇಂದ್ರದವರು, ಸಾಗಣೆ ಉಪಕರಣದವರು, ಹಳ್ಳಿಯ ಕೇಂದ್ರದವರು ಎಲ್ಲರೂ ‘ನಮ್ಮ ಕಡೆ ಸರಿಯಿದೆ’ ಎನ್ನುವುದು ಸಹಜ. ಮೊದಲು ಪಟ್ಟಣದ ಜೋಡಣಾ ಚೌಕಟ್ಟಿನಲ್ಲಿ, ಕೇಂದ್ರದಿಂದ ಹೊರಡುವ ತಂತಿಯನ್ನು ಕೇಂದ್ರಕ್ಕೆ ಒಳಬರುವ ತಂತಿಗೇ ಜೋಡಿಸುತ್ತಾರೆ. ಎಚ್ಚರಿಕೆಯ ಕೆಂಪು ದೀಪ ಆರಿದರೆ ಅಲ್ಲಿಯವರೆಗಿನ ದಾರಿ ಸರಿ. ಬಳಿಕ ಲೂಪನ್ನು ಹಳ್ಳಿಯ ತುದಿಗೆ ಒಯ್ದು, ಪಟ್ಟಣದಿಂದ ಗೊತ್ತಾದ ಬಿಟ್ ಸಾಲನ್ನು ಕಳುಹಿಸಿ, ಮರಳಿದುದರೊಡನೆ ಹೋಲಿಸುತ್ತಾರೆ. ತಪ್ಪಿಲ್ಲದೆ ಮರಳಿದರೆ ದೋಷವನ್ನು ಹಳ್ಳಿಯ ಉಪಕರಣದಲ್ಲಿ ಹುಡುಕಬೇಕು, ಮರಳದಿದ್ದರೆ ನಡುದಾರಿಯಲ್ಲಿ. ಹೀಗೆ ಈ ಪರೀಕ್ಷೆ ಏನು ಕೆಟ್ಟಿದೆಯೆಂದು ಹೇಳುವುದಿಲ್ಲ. ಎಲ್ಲಿಯವರೆಗೆ ಕೆಟ್ಟಿಲ್ಲವೆಂದು ಹೇಳುತ್ತದೆ. ವಾದವನ್ನು ಮುಗಿಸಿ ಹೊಣೆಯನ್ನು ನಿರ್ಧರಿಸುವುದೇ ಅದರ ಸಾಮಾಜಿಕ ಮಹತ್ತ್ವ. ದೊಡ್ಡಬಳ್ಳಾಪುರದ ನೇಕಾರನೂ ಎಳೆ ಕಡಿದಾಗ ಇಡೀ ಹಾಸನ್ನು ಬಿಚ್ಚುವುದಿಲ್ಲ. ಕಡಿದ ಎಳೆಯ ಜಾಡು ಹಿಡಿದೇ ಸಾಗುತ್ತಾನೆ.

ಈ ವಿಧಾನಕ್ಕೆ ಮಿತಿಗಳೂ ಉಂಟು. ಲೂಪಿನಲ್ಲಿ ಉಪಕರಣವು ತನ್ನದೇ ಕಾಲಗತಿಯನ್ನು ಮರಳಿ ಪಡೆಯುವುದರಿಂದ, ಎರಡು ಕೇಂದ್ರಗಳ ಗಡಿಯಾರಗಳು ಹೊಂದದಿರುವ ದೋಷ ಮರೆಯಾಗಬಹುದು. ದೂರದ ಹಾದಿಗೆಂದು ರೂಪಿಸಿದ ಬೆಳಕಿನ ಉಪಕರಣಕ್ಕೆ ಬೆಳಕನ್ನು ತಗ್ಗಿಸುವ ಸಾಧನವಿಲ್ಲದೆ ಲೂಪ್ ಕೊಟ್ಟರೆ ಅದರ ಗ್ರಾಹಕವೇ ಹಾಳಾಗುವ ಸಂಭವವಿದೆ. ಪರೀಕ್ಷೆಯ ನಂತರ ಲೂಪನ್ನು ತೆಗೆಯಲು ಮರೆತರೆ ದೀಪಗಳು ಸರಿಯಿರುತ್ತವೆ, ಮಾತು ಮಾತ್ರ ಹೋಗುವುದಿಲ್ಲ. ಕೈಪಿಡಿ ವಿಧಾನವನ್ನು ತಿಳಿಸುತ್ತದೆ. ಯಾವ ದೋಷಕ್ಕೆ ಮೊದಲ ಲೂಪ್ ಎಲ್ಲಿ ಎಂಬ ಅಂದಾಜು, ಮಳೆ ಬಂದರೆ ಯಾವ ಜೋಡಣೆ ಕೈಕೊಡುತ್ತದೆ ಎಂಬ ಅರಿವು ಹಿರಿಯರ ಜೊತೆ ನಿಂತು ಕಲಿಯುವಂಥವು.

2020ರ ಜನವರಿ ಕೊನೆಗೆ ಬಿ.ಎಸ್.ಎನ್.ಎಲ್.ನ ಸುಮಾರು 78 ಸಾವಿರ ನೌಕರರು ದೇಶದಾದ್ಯಂತ ಒಟ್ಟಿಗೆ ಸ್ವಯಂನಿವೃತ್ತರಾದರು. ತಾಮ್ರದ ತಂತಿಯ ಕಾಲದ ಅನುಭವದ ಬಹುಭಾಗ ಅವರೊಡನೆಯೇ ಮನೆಗೆ ಹೋಯಿತೆನ್ನಬಹುದು. ಇಂದು ಗ್ರಾಮ ಪಂಚಾಯತಿಗಳಿಗೆ ಬಂದಿರುವ ಗಾಜಿನೆಳೆಯಲ್ಲಿ ದೋಷದ ದೂರವನ್ನು ಮರಳಿಬರುವ ಬೆಳಕೇ ತಿಳಿಸುತ್ತದೆ: ಎಳೆಯೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಆದುದರಿಂದ, ಸೆಕೆಂಡಿನ ಹತ್ತುಸಾವಿರದ ಒಂದು ಭಾಗದಲ್ಲಿ ಮರಳಿದರೆ ದೋಷ 10 ಕಿ.ಮೀ. ದೂರದಲ್ಲಿದೆ. ಕಳುಹಿಸಿದ್ದು ಮರಳುವುದನ್ನು ಕಾಯುವ ಕ್ರಮ ಉಳಿದಿದೆ. ಅದನ್ನು ಬಳಸುತ್ತ ಬಂದವರ ಅನುಭವ ಉಳಿಯುವ ಭರವಸೆಯಿಲ್ಲ. ಹೊಸಕೋಟೆ, ದೇವನಹಳ್ಳಿ, ನೆಲಮಂಗಲ, ದೊಡ್ಡಬಳ್ಳಾಪುರಗಳಲ್ಲಿ ನೆಲೆಸಿರುವ ನಿವೃತ್ತ ಲೈನ್‌ಮನ್ನರ ಹಾಗೂ ತಂತ್ರಜ್ಞರ ಮಾತುಗಳನ್ನು, ನೇಕಾರರ ಮತ್ತು ಕಮ್ಮಾರರ ಮಾತುಗಳಿಗೆ ಕೊಟ್ಟಷ್ಟೇ ಗೌರವದಿಂದ ದಾಖಲಿಸುವುದು ಜಾನಪದ ವಿದ್ವಾಂಸರ ಮುಂದಿರುವ ತುರ್ತು ಕಾರ್ಯವಾಗಿದೆ.