ಅಮೆರಿಕಕ್ಕೆ ಹೋಗೋದಾ, ಬೇಡವಾ? ನೂರು ವರ್ಷದ ಲೆಕ್ಕ

ಫಾರಿನ್‌ಗೆ ಹೋಗಿ ಸೆಟಲ್ ಆಗೋದು ಒಳ್ಳೆಯದಾ ಅನ್ನೋ ಚರ್ಚೆ ನಮ್ಮ ಆಫೀಸ್ ಕ್ಯಾಂಟೀನಿನಲ್ಲಿ ಮುಗಿಯೋದೇ ಇಲ್ಲ. ಒಬ್ಬರು ಸಂಬಳ, ಮಕ್ಕಳ ಓದು ಅಂತಾರೆ. ಇನ್ನೊಬ್ಬರು ಊರಲ್ಲಿರೋ ಅಪ್ಪ ಅಮ್ಮನ ವಯಸ್ಸು ನೆನಪಿಸ್ತಾರೆ. ಇಬ್ಬರ ಮಾತೂ ಸರಿ. ಆದರೆ ಅಮೆರಿಕದ ಇತಿಹಾಸ ನೋಡಿದರೆ ಇನ್ನೊಂದು ವಿಷಯ ಕಾಣುತ್ತೆ. ಲಾಭ ನಷ್ಟವನ್ನು ಎಷ್ಟೋ ಸಲ ತೀರ್ಮಾನಿಸಿದ್ದು ಹೋದವರ ಪ್ರತಿಭೆ ಅಲ್ಲ, ಹೋದ ವರ್ಷ.

ವೈಷ್ಣೋ ದಾಸ್ ಬಗಾಯ್ ಪೇಶಾವರದವರು. 1915ರಲ್ಲಿ ಹೆಂಡತಿ, ಮೂವರು ಗಂಡು ಮಕ್ಕಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರು. ಅಂಗಡಿ ಇಟ್ಟರು, 1921ರಲ್ಲಿ ಪೌರತ್ವ ಪಡೆದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದ ತೀರ್ಪು ಬಂತು: ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ. ಕೊಟ್ಟಿದ್ದ ಪೌರತ್ವವನ್ನೂ ವಾಪಸ್ ಕಿತ್ತುಕೊಳ್ಳೋಕೆ ಸರ್ಕಾರ ಶುರು ಮಾಡಿತು. ಬಗಾಯ್ ಅಂಗಡಿ ಹೋಯಿತು. ಭಾರತಕ್ಕೆ ಬಂದು ಬಂಧುಗಳನ್ನು ನೋಡೋಣ ಅಂದರೆ ಅಮೆರಿಕದ ಪಾಸ್‌ಪೋರ್ಟ್ ಸಿಗಲಿಲ್ಲ. 1928ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು.

1946ರಲ್ಲಿ ಪೌರತ್ವದ ಬಾಗಿಲು ಮತ್ತೆ ತೆರೆಯಿತು, ಆದರೆ ವಲಸೆಗೆ ಭಾರತದ ಕೋಟಾ ವರ್ಷಕ್ಕೆ 100 ಜನ! 1965ರ ಕಾನೂನು ಆ ಹಳೆಯ ಕೋಟಾ ಪದ್ಧತಿಯನ್ನು ತೆಗೆದುಹಾಕಿತು. ಆಮೇಲೆ ಹೋದ ಡಾಕ್ಟರು, ಇಂಜಿನಿಯರುಗಳು ಅಲ್ಲೇ ನೆಲೆಯೂರಿದರು. ಅಲ್ಲಿನ ಹಳೆಯ ಕನ್ನಡ ಕೂಟಗಳನ್ನು ಕಟ್ಟಿದ್ದೂ ಆ ಪೀಳಿಗೆಯೇ.

ನಮ್ಮ ಕಥೆ ಶುರುವಾಗೋದು 1990ರ ಕಾನೂನಿನಿಂದ. ಎಚ್-1ಬಿ ವೀಸಾ ವರ್ಷಕ್ಕೆ 65,000. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್ ಸುಮಾರು 1,40,000, ಅದರಲ್ಲಿ ಒಂದು ದೇಶಕ್ಕೆ ಶೇ 7, ಅಂದರೆ 9,800ರಷ್ಟು. ಬೇರೆಯವರು ಬಳಸದೆ ಉಳಿದದ್ದು ಸಿಕ್ಕರೆ ಸ್ವಲ್ಪ ಹೆಚ್ಚು. ಹೆಂಡತಿ ಮಕ್ಕಳೂ ಈ ಲೆಕ್ಕದೊಳಗೇ. ಅಲ್ಲಿ ನೋಡೋದು ಹುಟ್ಟಿದ ದೇಶವನ್ನು. ಹುಬ್ಬಳ್ಳಿಯಲ್ಲಿ ಹುಟ್ಟಿ ಕೆನಡಾದ ಪೌರರಾದರೂ ಭಾರತದ ಸಾಲಿನಲ್ಲೇ ನಿಲ್ಲಬೇಕು.

2001ರಿಂದ 2003ರವರೆಗೆ ಎಚ್-1ಬಿ ಮಿತಿಯನ್ನು 1,95,000ಕ್ಕೆ ಏರಿಸಿದರು. ಶೇ 7ರ ಮಿತಿ ಮಾತ್ರ ಹಾಗೇ ಉಳಿಯಿತು. ಒಳಗೆ ಬರೋರು ಮೂರು ಪಟ್ಟು, ಹೊರಗೆ ಹೋಗೋ ಬಾಗಿಲು ಅಷ್ಟೇ. ಇಂಥ ಕ್ಯೂ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಗ್ರೀನ್ ಕಾರ್ಡ್ ಅರ್ಜಿ ಬಾಕಿ ಇದ್ದರೆ ಆರು ವರ್ಷದ ನಂತರವೂ ವೀಸಾ ಮುಂದುವರಿಸಲು 2000ದ ಕಾನೂನು ಅವಕಾಶ ಕೊಟ್ಟಿತು. ಅದು ಉಪಕಾರವೇ. ಆದರೆ ತಾತ್ಕಾಲಿಕ ಅನ್ನೋದು ಅದರಿಂದಲೇ ಇಪ್ಪತ್ತು ವರ್ಷದ ಬದುಕಾಗಿಬಿಡಬಹುದು.

ಕೆಲಸ ಹೋದರೆ ಹೊಸದು ಹುಡುಕೋಕೆ ಗರಿಷ್ಠ 60 ದಿನ. ಇಲ್ಲಿಂದ ಪುಟ್ಟ ಮಗುವಾಗಿ ಹೋದವರು 21 ತುಂಬಿದರೆ ಅಪ್ಪ ಅಮ್ಮನ ಅರ್ಜಿಯಿಂದಲೇ ಹೊರಬೀಳಬಹುದು. ಊರಿಂದ "ಅಪ್ಪನಿಗೆ ಹುಷಾರಿಲ್ಲ" ಅಂತ ಫೋನ್ ಬಂದರೆ ಮೊದಲು ನೋಡೋದು ವಿಮಾನದ ಟಿಕೆಟ್ ಅಲ್ಲ, ವೀಸಾ ಸ್ಟ್ಯಾಂಪಿನ ತಾರೀಖು. ಬಗಾಯ್ ಕಷ್ಟಕ್ಕೂ ಇದಕ್ಕೂ ಹೋಲಿಕೆ ಇಲ್ಲ, ನಿಜ. ಆದರೆ ಊರಿಗೆ ಹೋಗಿಬರೋದು ಬೇರೆಯವರ ಕಾಗದದ ಮೇಲೆ ನಿಂತಿರೋದು ಎರಡು ಕಡೆಯೂ ಒಂದೇ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿದಾಗಲೂ ಅಷ್ಟೇ, ನಿಯಮ ಒಂದು ಸಹಿಯಲ್ಲಿ ಬದಲಾಯಿತು.

ನಾವೂ ವಲಸಿಗರೇ. ಆದರೆ ಪುಣೆಯಲ್ಲೋ ಚೆನ್ನೈಯಲ್ಲೋ ನೆಲೆಸೋಕೆ ಸಂವಿಧಾನದ 19ನೇ ವಿಧಿ ನಮಗೆ ಹಕ್ಕು ಕೊಟ್ಟಿದೆ. ಕೆಲಸ ಹೋದರೂ ಊರು ಬಿಡು ಅಂತ ಯಾರೂ ನೋಟಿಸ್ ಕೊಡಲ್ಲ. ಪುಣೆಯಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಹುಬ್ಬಳ್ಳಿ. ಇದರ ಬೆಲೆ ನಮ್ಮ ಸಿಟಿಸಿಯಲ್ಲಿ ಬರೆದಿರಲ್ಲ.

ಹೋಗಬೇಡಿ ಅಂತ ಹೇಳ್ತಿಲ್ಲ. ಅಲ್ಲಿನ ದುಡಿಮೆ, ಕಲಿಕೆ ಎಷ್ಟೋ ಮನೆಗಳನ್ನು ಎತ್ತಿ ನಿಲ್ಲಿಸಿದೆ. ಆದರೆ ಆಫರ್ ಬಂದಾಗ ಸಂಬಳದ ಜೊತೆ ಮೂರು ಪ್ರಶ್ನೆ ಕೇಳಿಕೊಳ್ಳಿ. ನನ್ನ ಸಾಲು ಎಷ್ಟು ಉದ್ದ? ನನ್ನ ಸರದಿ ಬರುವಾಗ ಮಗುವಿಗೆ ಎಷ್ಟು ವಯಸ್ಸು? ನಾಳೆ ನಿಯಮ ಬದಲಾದರೆ ವಾಪಸ್ ಬರೋಕೆ ಮನಸ್ಸು, ಹಣ ಎರಡೂ ಸಿದ್ಧ ಇವೆಯಾ? ಮೂರಕ್ಕೂ ಉತ್ತರ ಇದ್ದರೆ ಧೈರ್ಯವಾಗಿ ಹೋಗಿ ಬನ್ನಿ. ಮತ್ತೆ ಸಿಗೋಣ.